ಅಪ್‌ಡೇಟ್: ಮಾಸ್ಟಡಾನ್ ಸೆಟ್ಟಿಂಗ್ಸ್ ಫೈಲ್ ತಕರಾರು ಮುಗಿಯಿತು

ನಮ್ಮ ಬದಿಯಡ್ಕದ ಯಕ್ಷಗಾನ ಬಳಗದ ಮಾಸ್ಟಡಾನ್ (ನಾವೇ ನಡೆಸಬಹುದಾದ ಸೋಶಿಯಲ್ ಮೀಡಿಯಾ) ಸರ್ವರಿನಲ್ಲಿ ಸೆಟ್ಟಿಂಗ್ಸ್ ಫೈಲ್ ತಿದ್ದಿ ಡಾಕರ್ (ಸಾಫ್ಟ್‌ವೇರನ್ನು ಕಂಟೈನರ್ ಎಂಬ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ರೀಸ್ಟಾರ್ಟ್ ಮಾಡಿದರೂ ಹಳೇ ಮೇಲ್ ಸೆಟ್ಟಿಂಗೇ ಉಳಿಯುತ್ತದೆ, ಯಾಕೆ ಅಂತ ಕೇಳಿದ್ದೆನಲ್ಲ, ಸರಿಯಾಯ್ತು. ಬರೀ 'ರೀಸ್ಟಾರ್ಟ್' ಕೊಟ್ಟರೆ ಹಳೇ ಕಂಟೈನರೇ ಮತ್ತೆ ಏಳುತ್ತದೆ, ಫೈಲ್ ಓದುವುದಿಲ್ಲ. 'ಕಂಪೋಸ್ ಅಪ್' ಕೊಟ್ಟರೆ ಹೊಸ ಕಂಟೈನರ್ ಹುಟ್ಟಿ ಓದುತ್ತದೆ. ವೆಬ್ ಕಂಟೈನರ್ ಒಂದನ್ನೇ ಹೀಗೆ ಹೊಸದು ಮಾಡಿದರೆ ಸಾಲದು, ಹಿನ್ನೆಲೆ ಕೆಲಸ ನೋಡುವ ಸೈಡ್‌ಕಿಕ್ ಕೂಡ ಆಗಬೇಕು. ಮೇಲ್ ಕಳಿಸುವುದು ಅದೇ ತಾನೆ. ಚೆಂಡೆಯವರಿಗೆ ಪಾಸ್‌ವರ್ಡ್ ಮೇಲ್ ಕೊನೆಗೂ ಬಂತು, ಅದೂ ಸ್ಪ್ಯಾಮ್‌ನಲ್ಲಿ!

ಗಿಟ್‌ಗೆ (ಫೈಲುಗಳ ಬದಲಾವಣೆ ದಾಖಲಿಸುವ ಜಾಗ) ಈಗ ಗುಪ್ತ ಕೀಗಳಿಲ್ಲದ ಮಾದರಿ ಫೈಲ್ ಮಾತ್ರ. ಅಸಲಿ ಫೈಲಿಗೆ 600 ಪರ್ಮಿಷನ್ (ಫೈಲಿನ ಮಾಲೀಕ ಮಾತ್ರ ಓದಿ ತಿದ್ದಬಹುದು), ಬ್ಯಾಕಪ್ ಬೇರೆ ಕಡೆ.

'ಲೋಕಲ್ ಡೊಮೈನ್ (ಸರ್ವರಿನ ವಿಳಾಸದ ಹೆಸರು) ಬದಲಿಸಿ ನೋಡಿ' ಎಂದವರ ಮಾತು ಮಾತ್ರ ಕೇಳಲಿಲ್ಲ. ಹೊರಗಿನ ಸರ್ವರುಗಳು ನಮ್ಮ ಖಾತೆಗಳನ್ನು ಗುರುತಿಸುವುದೇ ಆ ಹೆಸರಿನಿಂದ.