ಲೋಕಲ್ ರೈಲಿನಲ್ಲಿ ಕೈ ನಡುಗುವುದೇಕೆ?

ಪ್ರಶ್ನೆ: ನಾನು ಮುಂಬೈ ಬಳಿಯ ಡೊಂಬಿವಲಿಯವಳು. ಬೆಳಿಗ್ಗೆ ಚಹಾದೊಂದಿಗೆ ಎರಡು ಪಾವ್ ತಿಂದು ಲೋಕಲ್ ರೈಲಿಗೆ ಹೊರಟರೆ, ಮೂರು ತಾಸಿನೊಳಗೆ ಕೈ ನಡುಗಿ ಬೆವರುತ್ತದೆ. ನನಗೆ ಮಧುಮೇಹವಿಲ್ಲ, ಆದರೂ ಮೊನ್ನೆ ರಕ್ತದ ಸಕ್ಕರೆ 62 mg/dL ಇತ್ತು. ಆಹಾರದಲ್ಲಿ ಏನನ್ನು ಬದಲಿಸಲಿ?

ಉತ್ತರ 1: ಸಕ್ಕರೆ 70ಕ್ಕಿಂತ ಇಳಿದಾಗ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ಬಳಿಕ ಮತ್ತೆ ಅಳೆಯಿರಿ. ಚಾಕಲೇಟಿನ ಕೊಬ್ಬು ಹೀರಿಕೆಯನ್ನು ನಿಧಾನಗೊಳಿಸುವುದರಿಂದ ಆ ಹೊತ್ತಿಗೆ ಅದು ಬೇಡ.

ಉತ್ತರ 2: ಮೈದಾದ ಪಾವ್ ಸಕ್ಕರೆಯನ್ನು ಥಟ್ಟನೆ ಏರಿಸಿದಾಗ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಸ್ರವಿಸಿ, ಅದೇ ಸಕ್ಕರೆಯನ್ನು ಕೆಳಕ್ಕೆ ಎಳೆಯುವುದುಂಟು. ನಾನು ಪಾವ್ ಬಿಟ್ಟು ಮೊಳಕೆ ಹೆಸರುಕಾಳಿನ ಉಸಳಿಗೆ ಬಂದೆ (ಮನೆಯವರು ನಕ್ಕರು, ನಗಲಿ). ರೈಲು ಠಾಣೆ ನಿಲ್ದಾಣ ದಾಟುವಾಗ ಡಬ್ಬಿಯಿಂದ ಒಂದು ಹಿಡಿ ಹುರಿಗಡಲೆ ತಿನ್ನುತ್ತೇನೆ.

ಉತ್ತರ 3: ಮಧುಮೇಹವಿಲ್ಲದವರಲ್ಲಿ ಇದು ಮರುಕಳಿಸಿದರೆ ಕಾರಣ ಬೇರೆಯೂ ಇರಬಹುದು. ತಿಂದ ಹೊತ್ತನ್ನೂ ಅಂಕಿಯನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಿ.