ಹೊರಗೋಡೆಯ ವಿನೈಲ್ ಹಲಗೆ ಬಿಚ್ಚಿಸುವುದು ಹೇಗೆ?

ಪ್ರಶ್ನೆ (ಮೂಡಿಗೆರೆ ಸದಸ್ಯೆ): ನಮಸ್ಕಾರ ಸರ್. ತೋಟದೊಳಗಿನ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ಮಣ್ಣಿನ ಗೋಡೆ, ಸುಣ್ಣದ ಗಾರೆ, ಹೆಂಚಿನ ಮಾಡು. ಹಿಂದಿನ ಮಾಲೀಕರು ಹೋಂಸ್ಟೇ ಮಾಡಲೆಂದು ರೀಪು ಹೊಡೆಸಿ, ಅಮೆರಿಕದ ಮನೆಗಳಲ್ಲಿ ಇರುವಂಥ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹಲಗೆಗಳನ್ನು ಹೊರಗೋಡೆಗೆ ಕೂರಿಸಿದ್ದಾರೆ. ಮಳೆಗಾಲದಲ್ಲಿ ಪಡುವಣ ಕೋಣೆಯ ಗೋಡೆಗೆ ಒಳಗಿನಿಂದಲೇ ಬೂಷ್ಟು ಹಿಡಿಯುತ್ತದೆ. ಎಲ್ಲವನ್ನೂ ತೆಗೆಸೋಣ ಎಂದಿದ್ದೇವೆ. ನಮ್ಮ ಬಡಗಿ ಕೆಳಗಿನಿಂದ ಹಾರೆಯಲ್ಲಿ ಮೀಟಿ ಕೀಳುತ್ತೇನೆ ಎನ್ನುತ್ತಾರೆ. ಒಡೆಯದೆ ಬಂದರೆ ಗೊಬ್ಬರದ ಶೆಡ್ಡಿಗೆ ಬಳಸಬಹುದಿತ್ತು. ಮಳೆ ಹಿಡಿಯುವ ಮೊದಲು, ಈ ಮೇ ತಿಂಗಳಲ್ಲೇ ಮಾಡಿಸಬಹುದೇ?

ಉತ್ತರ (ಕಟ್ಟಡ ದುರಸ್ತಿ ಗುತ್ತಿಗೆದಾರರು, ಹಾಸನ): ಮೇಡಂ, ಮೊದಲು ಆ ಹಾರೆಯನ್ನು ಕೆಳಗಿಡಿಸಿ. ಈ ಹಲಗೆಗಳನ್ನು ಕೆಳಗಿನಿಂದ ಮೇಲಕ್ಕೆ ಕೂರಿಸಿರುತ್ತಾರೆ, ಆದ್ದರಿಂದ ಬಿಚ್ಚುವುದು ಮೇಲಿನಿಂದ. ಮೊಳೆ ಇರುವುದು ಹಲಗೆಯ ಮೇಲಂಚಿನಲ್ಲಿ, ಅದನ್ನು ಮೇಲಿನ ಹಲಗೆ ಮುಚ್ಚಿರುತ್ತದೆ. ಆ ಮೇಲಿನ ಹಲಗೆಯ ಕೆಳಂಚು ಕೆಳಗಿನದರ ಮಡಿಕೆಗೆ ಸಿಕ್ಕಿಕೊಂಡಿರುತ್ತದೆ. ಕೆಳಗಿನಿಂದ ಮೀಟಿದರೆ ಮೊಳೆ ಜಾಗ ಬಿಡುವುದಿಲ್ಲ, ಮೊಳೆಯ ಸಾಲಿನಲ್ಲೇ ಹಲಗೆ ಹರಿಯುತ್ತದೆ.

ಇದಕ್ಕೆ ಜಿಪ್ ಟೂಲ್ ಎಂಬ ಸಾಧನವಿದೆ. ತುದಿ ಕೊಕ್ಕೆಯಾಗಿ ಬಾಗಿರುವ ಉಕ್ಕಿನ ಪಟ್ಟಿ, ಅಷ್ಟೇ. ಅಂಗಡಿಯಲ್ಲಿ ಸಿಗದಿದ್ದರೆ ವೆಲ್ಡಿಂಗ್ ಶಾಪಿನಲ್ಲಿ ಬಾಗಿಸಿ ಕೊಡುತ್ತಾರೆ. ಹಲಗೆಯ ಕೆಳಂಚಿನೊಳಗೆ ತೂರಿಸಿ, ಕೊಕ್ಕೆ ಸಿಕ್ಕಿದ ಮೇಲೆ ಕೆಳಕ್ಕೆ ಎಳೆದು ಉದ್ದಕ್ಕೂ ಸರಿಸುತ್ತಾ ಹೋದರೆ ಅಂಚು ಟಕಟಕನೆ ಬಿಡುತ್ತದೆ. ಸೂರಿನಡಿಯ ಮೊದಲ ಸಾಲನ್ನು ಹೀಗೆ ಬಿಡಿಸಿ ಕೆಳಕ್ಕೆ ಎಳೆದರೆ ಎರಡನೆಯ ಸಾಲಿನ ಮೊಳೆಗಳು ಕಾಣುತ್ತವೆ. ಸರಿಯಾಗಿ ಹೊಡೆದಿದ್ದರೆ ಮೊಳೆ ಸಡಿಲವಾಗಿಯೇ ಇರಬೇಕು. ಬಿಸಿಲಿಗೆ ವಿನೈಲ್ ಹಿಗ್ಗುತ್ತದೆ, 12 ಅಡಿಯ ಹಲಗೆಯಲ್ಲಿ ಅರ್ಧ ಇಂಚಿನಷ್ಟು ವ್ಯತ್ಯಾಸ ಬರಬಹುದು. ಅದಕ್ಕೇ ಮೊಳೆಯ ತೂತನ್ನು ಉದ್ದಕ್ಕೆ ಕೊರೆದಿರುತ್ತಾರೆ. ಇದು ಗೊತ್ತಿಲ್ಲದವರು ಸ್ಕ್ರೂ ಹಾಕಿ ಬಿಗಿದುಬಿಡುತ್ತಾರೆ. ನಿಮ್ಮ ಗೋಡೆ ಅಲ್ಲಲ್ಲಿ ಉಬ್ಬಿ ಅಲೆ ಅಲೆಯಾಗಿ ಕಾಣುತ್ತಿದ್ದರೆ ಕಾರಣ ಅದೇ.

ಚಳಿಯಲ್ಲಿ ಹಲಗೆ ಪೆಡಸಾಗಿ ಸೀಳುತ್ತದೆ. ಬಿಸಿಲು ಬಿದ್ದ ಮೇಲೆ ಕೈ ಹಾಕಿ. ಪಡುವಣ ಗೋಡೆಗಾದರೆ ಊಟ ಮುಗಿಸಿಯೇ ಏಣಿ ಹತ್ತಿದರೂ ತಡವಿಲ್ಲ. ಹೊರಗಿನ ದೀಪಗಳ ವೈರು ಹಲಗೆಯ ಹಿಂದೆ ಹೋಗಿರಬಹುದು, ಮೇನ್ ಸ್ವಿಚ್ ಆರಿಸಿಯೇ ಶುರು ಮಾಡಿ.

ಮೂಡಿಗೆರೆ ಸದಸ್ಯೆ: ಪ್ಲಾಸ್ಟಿಕ್ ಹೊದಿಸಿದ ಮೇಲೂ ಬೂಷ್ಟು ಏಕೆ ಸರ್?

ಉತ್ತರ: ಹೊದಿಸಿದ್ದು ನೀರು ತಡೆಯುತ್ತದೆ ಎಂದು ನಂಬುವುದರಲ್ಲೇ ತಪ್ಪಿದೆ. ಗಾಳಿಮಳೆಗೆ ಸಂದುಗಳಿಂದ ನೀರು ಹಿಂದಕ್ಕೆ ಹೋಗಿಯೇ ಹೋಗುತ್ತದೆ. ಅದು ಹರಿದು ಹೊರಬೀಳಲೆಂದೇ ಹಲಗೆಯ ಕೆಳಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಬಣ್ಣದಿಂದಲೋ ಮಣ್ಣಿನಿಂದಲೋ ಮುಚ್ಚಿದರೆ, ಅಥವಾ ರೀಪನ್ನು ಅಡ್ಡಕ್ಕೆ ಹೊಡೆದಿದ್ದರೆ, ನೀರು ಅಲ್ಲೇ ನಿಂತು ಮಣ್ಣಿನ ಗೋಡೆ ಕುಡಿಯುತ್ತದೆ. ಗಾಳಿಯೂ ಆಡುವುದಿಲ್ಲ.

ಆದರೂ ಮೇ ಬೇಡ. ನೆನೆದ ಗೋಡೆ ಆರುವ ಮೊದಲೇ ಜೂನ್ ಬಂದು, ಮುಂಗಾರಿನ ಎರಚಲು ನೇರ ಬರಿಯ ಮಣ್ಣಿಗೆ ಹೊಡೆಯುತ್ತದೆ. ಡಿಸೆಂಬರ್‌ನಲ್ಲಿ ಬಿಚ್ಚಿಸಿ, ಬೇಸಿಗೆ ಪೂರ್ತಿ ಆರಲು ಬಿಡಿ. ಉದುರಿದ ಕಡೆ ಸುಣ್ಣದ ಗಾರೆಯನ್ನೇ ಮೆತ್ತಿಸಿ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಬೂಷ್ಟು ಮತ್ತೆ ಬರುತ್ತದೆ. ನನ್ನ ಕೇಳಿದರೆ, ಬಣ್ಣಕ್ಕೆಂದು ಹಣ ಇಟ್ಟಿದ್ದರೆ ಅದನ್ನು ಪಡುವಣ ಬದಿಯ ಸೂರು ಎರಡಡಿ ಮುಂದಕ್ಕೆ ಚಾಚಿಸಲು ಹಾಕಿ. ಅದಾಗದಿದ್ದರೆ ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ. ಅತಿಥಿಗಳು ಅದರ ಫೋಟೋವನ್ನೂ ತೆಗೆದುಕೊಳ್ಳುತ್ತಾರೆ!

ಸಕಲೇಶಪುರದ ಸದಸ್ಯರು: ನಮ್ಮಲ್ಲೂ ಇಂಥವೇ ಒಡೆದ ಚೂರುಗಳು ರಾಶಿ ಬಿದ್ದಿವೆ. ಹಂಡೆಯ ಒಲೆಗೆ ಹಾಕಬಹುದೇ?

ಉತ್ತರ: ಖಂಡಿತ ಬೇಡ. ಇದು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಕಟು ಅನಿಲ ಬರುತ್ತದೆ, ಡಯಾಕ್ಸಿನ್ ಎಂಬ ವಿಷವೂ ಹುಟ್ಟಬಹುದು. ಗುಜರಿಯವರು ಒಯ್ಯದಿದ್ದರೆ ಒಣಕಸಕ್ಕೆ ಕೊಡಿ.

ಬೇಲೂರಿನ ಸದಸ್ಯರು: ಹಲಗೆಯ ಹಿಂದೆ ಕಣಜ ಗೂಡು ಕಟ್ಟುತ್ತದೆಯಲ್ಲ?

ಉತ್ತರ: ಕಟ್ಟುತ್ತದೆ. ಚೇಳು, ಗೆದ್ದಲೂ ಇರುತ್ತವೆ. ಹಿಂದಿನ ದಿನ ದೂರದಿಂದ ಕೋಲಿನಲ್ಲಿ ತಟ್ಟಿ ನೋಡಿ. ಗೆದ್ದಲು ತಿಂದ ರೀಪನ್ನು ಮತ್ತೆ ಬಳಸಬೇಡಿ.

ಮೂಡಿಗೆರೆಯವರೇ, ಈಗ ಪಡುವಣ ಗೋಡೆಯ ಮೇಲಿನ ಎರಡು ಸಾಲು ಮಾತ್ರ ಬಿಚ್ಚಿಸಿ ಫೋಟೋ ಹಾಕಿ, ಆಮೇಲೆ ಹಾಗೆಯೇ ಸಿಕ್ಕಿಸಿಬಿಡಿ. ರೀಪು ಅಡ್ಡಕ್ಕಿದೆಯೋ ನೆಟ್ಟಗಿದೆಯೋ ನೋಡಿ ಮುಂದಿನದನ್ನು ಹೇಳುತ್ತೇನೆ.