ಸಹಾಯ ಬೇಕು: 1902ರ ಹತ್ತು ಡಾಲರ್ ನ್ಯಾಷನಲ್ ಬ್ಯಾಂಕ್ ನೋಟಿಗೆ ಬೆಲೆ ಎಷ್ಟು?

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಪೆನ್ಸಿಲ್ವೇನಿಯಾದಲ್ಲಿ. ಎಸ್ಟೇಟ್ ಸೇಲ್‌ನಲ್ಲಿ (ತೀರಿಕೊಂಡವರ ಮನೆ ಸಾಮಾನು ಮಾರುವಲ್ಲಿ) ತಂದ ಹಳೆ ಹೊಲಿಗೆ ಮಷೀನಿನ ಡ್ರಾಯರ್‌ನಲ್ಲಿ, ತಳಕ್ಕೆ ಹಾಸಿದ್ದ ಕಾಗದದ ಅಡಿ ಈ ನೋಟು ಸಿಕ್ಕಿತು. ಈಗಿನ ಡಾಲರಿಗಿಂತ ಎಷ್ಟು ದೊಡ್ಡದು ಅಂದರೆ, ಮಡಚದೆ ಪರ್ಸಿನಲ್ಲಿ ಹಿಡಿಸುವುದಿಲ್ಲ. ಎಡಗಡೆ ಅಮೆರಿಕದ ಅಧ್ಯಕ್ಷರಾಗಿದ್ದ ಮೆಕಿನ್ಲೆ ಚಿತ್ರ, ಬಲಕ್ಕೆ ನೀಲಿ ಮುದ್ರೆ, ನಡುವೆ ಇಲ್ಲೇ ಹತ್ತಿರದ ಸಣ್ಣ ಊರೊಂದರ ಬ್ಯಾಂಕಿನ ಹೆಸರು. ಹಿಂಬದಿಯಲ್ಲಿ ‘1902-1908’ ಎಂದು ಇಲ್ಲ, ಹಾಗಾಗಿ ಇದು ‘ಪ್ಲೇನ್ ಬ್ಯಾಕ್’ ಅನ್ನುವ ಬಗೆ. ಕ್ಯಾಷಿಯರ್ ಸಹಿ ಪೆನ್ನಿನದೇ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ನಡುವೆ ಮೂರು ಮಡಿಕೆ, ಒಂದು ಮೂಲೆಯಲ್ಲಿ ಚಿಕ್ಕ ಹರುಕು.

ಇಂಥ ನೋಟುಗಳನ್ನು 1863ರಿಂದ 1935ರವರೆಗೆ ಸಾವಿರಾರು ಬ್ಯಾಂಕುಗಳು ಹೊರಡಿಸಿವೆ. ಬರೀ ಹಳೆಯದು ಅಂತ ಬೆಲೆ ಬರಲ್ಲ, ಯಾವ ಊರಿನ ಬ್ಯಾಂಕು, ಅದರ ನೋಟು ಎಷ್ಟು ಉಳಿದಿವೆ ಅನ್ನೋದೇ ಮುಖ್ಯ, ಅಲ್ವಾ? ಇಲ್ಲಿನ ನಾಣ್ಯದಂಗಡಿಯವನು ಬ್ಯಾಂಕಿನ ಹೆಸರನ್ನೂ ಓದದೆ 40 ಡಾಲರ್ ಕೊಡ್ತೀನಿ ಅಂದ. ನೋಟು ವಾಪಸ್ ಜೇಬಿಗಿಟ್ಟು ಬಂದೆ.

ನನಗೆ ಬೇಕಾಗಿರುವುದು ಇಷ್ಟು. ಬ್ಯಾಂಕಿನ ಚಾರ್ಟರ್ ನಂಬರ್ (ಸರ್ಕಾರ ಆ ಬ್ಯಾಂಕಿಗೆ ಕೊಟ್ಟ ಸಂಖ್ಯೆ) ಹಿಡಿದು ಉಳಿದ ನೋಟುಗಳ ಲೆಕ್ಕ ಹುಡುಕುವುದು ಹೇಗೆ? ಹರುಕು ಇರುವ ನೋಟನ್ನು ನೋಟಿನ ಸ್ಥಿತಿ ನೋಡಿ ದರ್ಜೆ ಕೊಡುವ ಪಿಎಂಜಿ ಕಂಪನಿಗೆ ಗ್ರೇಡಿಂಗ್‌ಗೆ ಕಳಿಸಿದರೆ ಖರ್ಚು ಗಿಟ್ಟುತ್ತದಾ? ಹಳೆ ಹರಾಜಿನಲ್ಲಿ ಮಾರಾಟವಾದ ಬೆಲೆ ನೋಡುವುದು ಗೊತ್ತಿದ್ದವರು ದಯವಿಟ್ಟು ಹೇಳಿ.

ಸದ್ಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ಮಡಿಕೆ ಹೋಗಲಿ ಅಂತ ಮನೆಯವರು ಇಸ್ತ್ರಿ ಪೆಟ್ಟಿಗೆ ತಂದಿದ್ದರು, ಪುಣ್ಯಕ್ಕೆ ತಡೆದೆ!